ಮೂರನೇ ಸಾಲು ಖಾಲಿ ಬಿಟ್ಟರೆ ಚೀಟಿ ವಾಪಸ್: ಆಸ್ಪತ್ರೆ ಆಡಳಿತ ಮಂಡಳಿಯಲ್ಲಿ ನನ್ನ ಪ್ರಯೋಗ

ಆಸ್ಪತ್ರೆ ಮಂಡಳಿಯ ಕಾರ್ಯದರ್ಶಿಗಳಿಗೆ ಅಜೆಂಡಾ, ಕೋರಂ, ನಡಾವಳಿಯ ಪಾಠ ಬೇಕಿಲ್ಲ. ಭಿನ್ನಾಭಿಪ್ರಾಯವನ್ನು ಸಭೆಗೆ ಮೊದಲೇ ಬರೆಸಿಕೊಳ್ಳುವ ಪದ್ಧತಿಯ ಬಗ್ಗೆ ಮಾತ್ರ ಹೇಳುತ್ತೇನೆ. 'ದೊಡ್ಡವರ ಕೈಲಿ ಚೀಟಿ ಬರೆಸ್ತೀರಾ?' ಎಂದು ನಕ್ಕವರೇ ಈಗ ಅದರ ನಮೂನೆ ಕೇಳುತ್ತಿದ್ದಾರೆ.

ಮೊದಲು ಕೈಕೊಟ್ಟ ಉಪಾಯಗಳು. ಒಬ್ಬರನ್ನು ಬೇಕೆಂದೇ ವಿರೋಧ ಪಕ್ಷದಲ್ಲಿ ಕೂರಿಸಿದರೆ ಎರಡನೇ ಸಭೆಗೇ ಅದು ತಮಾಷೆಯಾಗುತ್ತದೆ. ಅವರು ಮನಸಾರೆ ವಿರೋಧಿಸಿದಾಗಲೂ 'ಅವರ ಕೆಲಸವೇ ಅದು ಬಿಡಿ' ಎಂದು ತಳ್ಳಿಹಾಕುತ್ತಾರೆ. ಹೆಸರಿಲ್ಲದ ಚೀಟಿಯೂ ದಕ್ಕಲಿಲ್ಲ. 11 ಜನರ ಮಂಡಳಿಯಲ್ಲಿ ಯಾರ ಧಾಟಿ ಯಾರಿಗೆ ಗೊತ್ತಿರುವುದಿಲ್ಲ? ವಿಷಯ ಬಿಟ್ಟು, ಬರೆದವರು ಯಾರು ಎಂಬುದೇ ಚರ್ಚೆಯಾಗುತ್ತದೆ. ಕೈ ಎತ್ತಿಸಿ ಮತಕ್ಕೆ ಹಾಕುವುದು ಇನ್ನೂ ಕೆಟ್ಟದ್ದು. 7-4 ಎಂದು ಬಂತೋ, ಆ 4 ಜನ ಮುಂದಿನ ಮೂರು ಸಭೆ ಎಲ್ಲದಕ್ಕೂ ಒಂದೇ ಗುಂಪು.

ಈಗಿನ ಕ್ರಮ ಹೀಗೆ. ಸಭೆಗೆ 7 ದಿನ ಮುಂಚೆ ಕಡತ ಹೋಗಬೇಕು, 3 ದಿನ ಮುಂಚೆ ಚೀಟಿ ಬರಬೇಕು. ಒಂದು ವಿಷಯಕ್ಕೆ 2 ಪುಟ, ಅಷ್ಟೇ. 40 ಪುಟ ಕಳಿಸಿದರೆ ಓದಿಕೊಂಡು ಬರುವವರು ಒಬ್ಬಿಬ್ಬರು, ಸಭೆ ಅವರದ್ದಾಗುತ್ತದೆ. ಚೀಟಿ ಅರ್ಧ ಹಾಳೆಯದು, ಹೆಸರು ಹಾಕಿಯೇ ಬರೆಯಬೇಕು. ಸಾಲು ಮೂರು: ನನ್ನ ನಿಲುವು; ಅದಕ್ಕೆ ಆಧಾರವಾದ ಒಂದು ಅಂಕಿ; ಏನು ತೋರಿಸಿದರೆ ನಿಲುವು ಬದಲಿಸುತ್ತೇನೆ. ಮೂರನೆಯದೇ ಜೀವಾಳ. ಮೊದಲ ಎರಡು ತಿಂಗಳು ಅರ್ಧಕ್ಕರ್ಧ ಚೀಟಿಗಳಲ್ಲಿ ಅದೇ ಖಾಲಿ. ಅಧ್ಯಕ್ಷರದ್ದಾದರೂ ಸರಿ, ವಾಪಸ್ ಕಳಿಸಿದೆ.

ಸಿಟಿ ಸ್ಕ್ಯಾನರ್ ಖರೀದಿಯನ್ನೇ ನೋಡಿ. ವೈದ್ಯರದ್ದು 'ಬೇಕೇ ಬೇಕು', ಖಜಾಂಚಿಯದ್ದು 'ಸಾಧ್ಯವೇ ಇಲ್ಲ'. ಮೂರನೇ ಸಾಲಿನಲ್ಲಿ ಖಜಾಂಚಿ 'ಎಂಟು ವರ್ಷದ ಪೂರ್ತಿ ಖರ್ಚು ತೋರಿಸಿ' ಎಂದರು. ವೈದ್ಯರು 'ತಲೆಗೆ ಪೆಟ್ಟಾದವರನ್ನು ಹೊರಗೆ ಕಳಿಸಿ ವರದಿ ಬರಲು ಈಗ ಎಷ್ಟು ಹೊತ್ತಾಗುತ್ತಿದೆ, ಅದನ್ನು ತೋರಿಸಿ' ಎಂದರು. ಅಲ್ಲಿಗೆ ಜಗಳ ಹೋಗಿ ಎರಡು ಲೆಕ್ಕ ಉಳಿದವು. ಕೊಟೇಶನ್‌ನಲ್ಲಿ ಇರುವುದು ಯಂತ್ರದ ಬೆಲೆ. ಸೀಸ ಹೊದಿಸಿದ ಕೋಣೆ, ಯುಪಿಎಸ್, ಎಸಿ, ಮೂರು ಪಾಳಿಯ ತಂತ್ರಜ್ಞರ ಸಂಬಳ ಅದರಲ್ಲಿ ಇರುವುದಿಲ್ಲ. ಎಕ್ಸ್-ರೇ ಟ್ಯೂಬ್ ಸವೆಯುವ ಭಾಗ, ದುಬಾರಿ ಕೂಡ. ನಿರ್ವಹಣಾ ಒಪ್ಪಂದದಲ್ಲಿ ಟ್ಯೂಬ್ ಸೇರಿದೆಯೋ ಇಲ್ಲವೋ ಎಂಬ ಒಂದು ಸಾಲು ಆ ವರ್ಷದ ಬಜೆಟ್ಟನ್ನೇ ಮಗುಚಬಲ್ಲದು. ನಿರ್ವಹಣೆಗೆ ವರ್ಷಕ್ಕೆ ಬೆಲೆಯ ಶೇ. 8 ಹಿಡಿದರೂ 8 ವರ್ಷಕ್ಕೆ ಶೇ. 64 ಆಯಿತು. ಈ ಹಾಳೆ ಮೇಜಿಗೆ ಬಂದ ಮೇಲೆ 'ಗುತ್ತಿಗೆಗೆ ತೆಗೆದುಕೊಂಡರೆ ಹೇಗೆ?' ಎಂದು ಕೇಳಿದವರು ಬೇಕೇ ಬೇಕು ಅಂದವರೇ.

ಸಭೆಯಲ್ಲಿ ಚಿಕಿತ್ಸೆಯ ಗುಣಮಟ್ಟ ಮೊದಲು, ಹಣಕಾಸು ಆಮೇಲೆ. ಎರಡು ಗಂಟೆಯ ಸಭೆಯಲ್ಲಿ ಮೊದಲ 30 ನಿಮಿಷ ಗುಣಮಟ್ಟಕ್ಕೇ ಮೀಸಲು. ಇದು ಅತಿಯಾಯಿತು ಅನ್ನುವವರಿಗೆ ಇಂಗ್ಲೆಂಡಿನ ಮಿಡ್ ಸ್ಟ್ಯಾಫರ್ಡ್‌ಶೈರ್ ಆಸ್ಪತ್ರೆ ಸಂಸ್ಥೆಯ ಬಗ್ಗೆ 2013ರಲ್ಲಿ ಬಂದ ಫ್ರಾನ್ಸಿಸ್ ತನಿಖಾ ವರದಿ ಕೊಡುತ್ತೇನೆ: ಮಂಡಳಿ ಹಣಕಾಸು, ಗುರಿಗಳ ಬೆನ್ನು ಹತ್ತಿತ್ತು, ರೋಗಿಗಳ, ಸಿಬ್ಬಂದಿಯ ದೂರು ಕಿವಿಗೆ ಬೀಳಲಿಲ್ಲ. ಅಧ್ಯಕ್ಷರು ಮಾತಾಡುವುದು ಕೊನೆಗೆ. ಅವರು ಮೊದಲು ಬಾಯಿ ಬಿಟ್ಟರೆ ಚೀಟಿಗಳೆಲ್ಲ ರದ್ದಿ. ಚೀಟಿಗಳನ್ನು ಯಾವ ಕ್ರಮದಲ್ಲಿ ಓದುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ನಮ್ಮ ಸದಸ್ಯರೂ ಇದನ್ನು ಓದುತ್ತಾರೆ.

ನಡಾವಳಿಯಿಂದ 'ಸುದೀರ್ಘ ಚರ್ಚೆಯ ನಂತರ ಸರ್ವಾನುಮತದಿಂದ' ಎಂಬ ಸಾಲನ್ನು ಕಿತ್ತುಹಾಕಿದೆ. ಈಗ ಬರುವುದು ನಿರ್ಣಯ, ಒಪ್ಪದವರ ಕಾರಣ ಅವರದೇ ಮಾತಿನಲ್ಲಿ ಎರಡು ಸಾಲು, ಮರುಪರಿಶೀಲನೆಯ ತಿಂಗಳು, ಅದಕ್ಕೂ ಮುಂಚೆ ಕಡತ ತೆರೆಸುವ ಅಂಕಿ. ಸ್ಕ್ಯಾನರ್‌ಗೆ ಹಾಕಿದ್ದು: ಸತತ ಮೂರು ತಿಂಗಳು ದಿನದ ಸರಾಸರಿ ಸುಮಾರು 12 ಸ್ಕ್ಯಾನ್‌ಗಿಂತ ಇಳಿದರೆ. ತಮ್ಮ ಮಾತು ದಾಖಲಾಗಿದೆ ಎಂದು ಗೊತ್ತಿದ್ದವರು ಪಾರ್ಕಿಂಗ್‌ನಲ್ಲಿ ನಿಂತು ಎರಡನೇ ಸಭೆ ಮಾಡುವುದಿಲ್ಲ.

ಇದರ ಜೊತೆಗೇ ಇನ್ನೊಂದು ಪ್ರಯೋಗ. ಗುಣಮಟ್ಟದ ಅಂಕಿಗಳಿಗೆ ಕೆಂಪು-ಹಸಿರು ಬಣ್ಣದ ಪಟ್ಟಿ ಬಿಟ್ಟು 24 ತಿಂಗಳ ರೇಖಾಚಿತ್ರ ಹಾಕಿದೆ. ಮೊದಲು ಶಸ್ತ್ರಚಿಕಿತ್ಸೆಯ ಗಾಯದ ಸೋಂಕು ಒಂದು ತಿಂಗಳು ತುಸು ಏರಿದರೂ ಸರ್ಜನ್ನರ ಮೇಲೆ ಮುಗಿಬೀಳುತ್ತಿದ್ದರು, ಇಳಿದರೆ ಚಪ್ಪಾಳೆ. ಈಗ ಮಧ್ಯರೇಖೆಯ ಒಂದೇ ಬದಿಗೆ ಸತತ 8 ಬಿಂದು ಬಿದ್ದರೆ, ಇಲ್ಲವೇ ಒಂದು ಬಿಂದು ನಿಯಂತ್ರಣ ಮಿತಿ (ಮಾಮೂಲಿ ಏರಿಳಿತದ ಗಡಿ) ದಾಟಿದರೆ ಮಾತ್ರ ಏರಿಳಿತದ ಚರ್ಚೆ. ಗಂಭೀರ ಅವಘಡಕ್ಕೆ ಈ ನಿಯಮವಿಲ್ಲ, ಅದು ಒಂದೇ ಆದರೂ ಮೇಜಿಗೆ ಬರಬೇಕು.

ಸಭೆಯ ಹಿಂದಿನ ರಾತ್ರಿ ಒಬ್ಬರ ನಿಲುವು ಇನ್ನೊಬ್ಬರು ತಿರುಗಿಸುವ ಫೋನುಗಳು ಮಾತ್ರ ನಿಂತಿಲ್ಲ. ಚೀಟಿ ಕೊಟ್ಟ ಮೇಲೆ ನಿಲುವು ಬದಲಿಸಿದವರು ಕಾರಣವನ್ನು ಸಭೆಯಲ್ಲೇ ಹೇಳಬೇಕು ಎಂದು ನಿಯಮ ಮಾಡಿದ್ದೇನೆ. ಆಮೇಲೆ ಎರಡು ಸಭೆಯಾಗಿದೆ, ಒಂದರಲ್ಲಿ ಆ ನಿಯಮ ನಡೆಯಿತು.