ನನ್ನ ಅನುಭವ: ಸೊಪ್ಪಿನಬೆಟ್ಟದಲ್ಲಿ ಮರ ಅಳೆಯುವ ಕೆಲಸ

ಶಿರಸಿ, ಸಿದ್ದಾಪುರದ ಕಡೆಯ ಕಾಡುಗಳಲ್ಲಿ ಮತ್ತು ಸೊಪ್ಪಿನಬೆಟ್ಟಗಳಲ್ಲಿ ಗಡಿ ಹಾಕಿಟ್ಟ ತಾಕುಗಳಿವೆ. ಆ ತಾಕುಗಳ ಒಂದೊಂದು ಮರದ ಸುತ್ತಳತೆಯನ್ನೂ ಕೆಲವು ವರ್ಷಗಳಿಗೊಮ್ಮೆ ಮತ್ತೆ ಅಳೆಯುವುದು ನನ್ನ ಕೆಲಸ. ಯಾವ ಮರ ಎಷ್ಟು ದಪ್ಪವಾಯಿತು, ಯಾವುದು ಸತ್ತಿತು, ಯಾವುದು ಹೊಸದಾಗಿ ಲೆಕ್ಕಕ್ಕೆ ಬಂತು ಎಂಬ ಮೂರು ಸಂಗತಿ ತಿಳಿದರೆ ಕಾಡು ಎತ್ತ ಸಾಗುತ್ತಿದೆ ಎಂದು ಹೇಳಬಹುದು. ಈ ಜಿಲ್ಲೆಗೆ ಇದು ಹೊಸ ಕೆಲಸವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು 1984ರಲ್ಲೇ ಉತ್ತರ ಕನ್ನಡದಲ್ಲಿ ಒಂದೊಂದು ಹೆಕ್ಟೇರಿನ ತಾಕುಗಳನ್ನು ಗುರುತಿಸಿ ಅಳೆಯಲು ಶುರುಮಾಡಿದ್ದರು. ನಮ್ಮಂಥವರು ಆ ದಾರಿಯಲ್ಲೇ ನಡೆಯುತ್ತಿದ್ದೇವೆ.

ಹೊರಗಿನವರಿಗೆ ಸೊಪ್ಪಿನಬೆಟ್ಟದ ಬಗ್ಗೆ ಒಂದು ಮಾತು. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು ಬ್ರಿಟಿಷರ ಕಾಲದಿಂದ ತೋಟಿಗರಿಗೆ ಬಿಟ್ಟುಕೊಟ್ಟ ಕಾಡು ಅದು. ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ. ಭೂಮಿ ಸರ್ಕಾರದ್ದು, ಸೌಲಭ್ಯ ತೋಟದವರದ್ದು. ಮತ್ತಿ, ಕಿಂದಳ, ನಂದಿ ಮರಗಳ ಟೊಂಗೆ ಸವರಿ ಸೊಪ್ಪನ್ನು ಕೊಟ್ಟಿಗೆಗೆ ಹಾಸುತ್ತಾರೆ, ಗೊಬ್ಬರವಾದ ಮೇಲೆ ಅದು ತೋಟ ಸೇರುತ್ತದೆ. ಬೆಟ್ಟ ಹಾಳಾದದ್ದಕ್ಕೆ ತೋಟಿಗರೇ ಕಾರಣ ಎನ್ನುವವರೂ ಇದ್ದಾರೆ, ಅವರಿಂದಲೇ ಬೆಟ್ಟ ಉಳಿದಿದೆ ಎನ್ನುವವರೂ ಇದ್ದಾರೆ. ಎರಡು ಕಡೆಯವರ ಕೈಯಲ್ಲೂ ಅಳತೆ ಇರುವುದಿಲ್ಲ. ನಾನು ಈ ಕೆಲಸಕ್ಕೆ ಇಳಿದದ್ದೇ ಅದಕ್ಕಾಗಿ.

ಅಳತೆ ಹೇಗೆ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಮ್ಮಲ್ಲಿ ಎದೆಮಟ್ಟ ಎಂದರೆ ನೆಲದಿಂದ ನಾಲ್ಕೂವರೆ ಅಡಿ, ಅಂದರೆ 1.37 ಮೀಟರ್. ಅಷ್ಟೇ ಉದ್ದದ ಕೋಲೊಂದು ಸದಾ ಕೈಯಲ್ಲಿರುತ್ತದೆ. ಇಳಿಜಾರಿದ್ದರೆ ಮರದ ಮೇಲ್ಬದಿಯಲ್ಲಿ ನಿಂತು ಕೋಲಿಡಬೇಕು. ಮರ ವಾಲಿದ್ದರೆ ಕಾಂಡದ ಗುಂಟವೇ ಅಳೆದು ಮಟ್ಟ ಹಿಡಿಯಬೇಕು. ಎದೆಮಟ್ಟಕ್ಕಿಂತ ಕೆಳಗೇ ಕವಲೊಡೆದಿದ್ದರೆ ಎರಡು ಕಾಂಡ ಎಂದು ಬರೆದುಕೊಳ್ಳಬೇಕು. ಬುಡದಲ್ಲಿ ಹಲಗೆಯಂತೆ ಚಾಚಿದ ಬೇರುಗಳಿದ್ದರೆ ಅವು ಮುಗಿದ ಮೇಲೆ ಇನ್ನೂ ಅರ್ಧ ಮೀಟರ್ ಎತ್ತರದಲ್ಲಿ ಅಳೆದು, ಆ ಎತ್ತರವನ್ನು ಪುಸ್ತಕದಲ್ಲಿ ನಮೂದಿಸಬೇಕು. ಬಳ್ಳಿ ಹಬ್ಬಿದ್ದರೆ ಕಡಿಯುವ ಹಾಗಿಲ್ಲ, ಎತ್ತಿ ಅದರಡಿಯಲ್ಲಿ ಟೇಪು ತೂರಿಸಬೇಕು.

ಇಷ್ಟು ಕಟ್ಟುನಿಟ್ಟು ಯಾಕೆ? ಒಂದು ಮೀಟರ್ ಸುತ್ತಳತೆಯ ಮರ ವರ್ಷಕ್ಕೆ ಅರ್ಧ ಸೆಂಟಿಮೀಟರ್ ಸುತ್ತು ಬೆಳೆಯಿತು ಎಂದಿಟ್ಟುಕೊಳ್ಳಿ. ಟೇಪು ಒಂದಿಷ್ಟು ಮೇಲೋ ಕೆಳಗೋ ಸರಿದು ಒಂದು ಸೆಂಟಿಮೀಟರ್ ವ್ಯತ್ಯಾಸವಾದರೆ ಎರಡು ವರ್ಷದ ಬೆಳವಣಿಗೆ ಹುಸಿಯಾಗಿ ಸೇರಿತು, ಇಲ್ಲವೇ ಮಾಯವಾಯಿತು. ಅದಕ್ಕೇ ಅಳೆದಲ್ಲಿ ಬಣ್ಣದ ಗೆರೆ ಎಳೆಯುತ್ತೇವೆ. ಆದರೆ ನಂದಿ ಮರದ ಮುಂದೆ ಈ ಉಪಾಯ ನಡೆಯುವುದಿಲ್ಲ. ಅದು ತೊಗಟೆಯನ್ನು ಹಪ್ಪಳ ಹಪ್ಪಳವಾಗಿ ಉದುರಿಸುತ್ತದೆ, ಜೊತೆಗೆ ನಮ್ಮ ಬಣ್ಣವೂ ನೆಲಕ್ಕೆ ಬೀಳುತ್ತದೆ. ಹಾಗಾಗಿ ಅಲ್ಯೂಮಿನಿಯಂ ನಂಬರು ಬಿಲ್ಲೆಯ ಮೊಳೆಯಿಂದ ಕೆಳಕ್ಕೆ ಇಷ್ಟು ಎಂದು ಅಳೆದು ಜಾಗ ಪತ್ತೆಮಾಡುತ್ತೇವೆ. ಮೊಳೆಯನ್ನು ಅಳತೆಯ ಜಾಗಕ್ಕೇ ಹೊಡೆಯಬಾರದು, ಗಾಯದ ಸುತ್ತ ಮರ ಉಬ್ಬಿ ಮುಂದಿನ ಅಳತೆಯೆಲ್ಲ ಕೆಡುತ್ತದೆ. ಅರ್ಧದಷ್ಟು ಹೊರಗೇ ಉಳಿಯುವಂತೆ ಹೊಡೆದರೆ ಮರಕ್ಕೆ ಬೆಳೆಯಲು ಜಾಗ ಸಿಗುತ್ತದೆ, ಬಿಲ್ಲೆ ತೊಗಟೆಯೊಳಗೆ ಹುದುಗಿಹೋಗುವುದಿಲ್ಲ.

ಎರಡನೆಯ ಸುತ್ತಿನಲ್ಲಿ ಕೆಲವು ಮರಗಳು ಮೊದಲಿಗಿಂತ ಸಣ್ಣದಾಗಿ ಕಾಣುತ್ತವೆ. ತೊಗಟೆ ಉದುರಿರಬಹುದು, ಬೇಸಿಗೆಯಲ್ಲಿ ನೀರು ಆರಿ ಕಾಂಡ ಕುಗ್ಗಿರಬಹುದು, ಟೇಪು ಬಿಗಿಯಾಗಿರಬಹುದು. ‘ಮರ ಕಿರಿದಾಗುವುದುಂಟೇ’ ಎಂದು ಆ ಸಂಖ್ಯೆಗಳನ್ನು ಸೊನ್ನೆ ಮಾಡಿಬಿಡುವ ಆಸೆ ಹೊಸಬರಿಗೆಲ್ಲ ಬರುತ್ತದೆ. ಹಾಗೆ ಮಾಡಬೇಡಿ. ತಪ್ಪು ಎರಡೂ ಕಡೆಗೆ ಆಗಿರುತ್ತದೆ. ಕಡಿಮೆ ಬಂದದ್ದನ್ನು ಮಾತ್ರ ತಿದ್ದಿ, ಹೆಚ್ಚು ಬಂದದ್ದನ್ನು ಹಾಗೇ ಬಿಟ್ಟರೆ ಇಡೀ ಕಾಡೇ ಇದ್ದದ್ದಕ್ಕಿಂತ ಚುರುಕಾಗಿ ಬೆಳೆದಂತೆ ತೋರುತ್ತದೆ. ತೀರ ಅಸಂಬದ್ಧ ಎನಿಸಿದ ಮರಕ್ಕೆ ಅವತ್ತೇ ವಾಪಸು ಹೋಗಿ ಅಳೆಯಬೇಕು, ಉಳಿದದ್ದನ್ನು ಬಂದ ಹಾಗೇ ಬರೆಯಬೇಕು. ಪ್ರತಿ ಸಲವೂ ಅದೇ ತಿಂಗಳಿನಲ್ಲಿ ಅಳೆಯುವುದರಿಂದ ಈ ತೊಂದರೆ ಸಾಕಷ್ಟು ಕಡಿಮೆಯಾಗುತ್ತದೆ.

ನಮಗೆ ಅನುಕೂಲವಾದ ತಿಂಗಳುಗಳು ಜನವರಿ, ಫೆಬ್ರವರಿ. ಉಂಬಳ (ಕಾಡಿನ ಜಿಗಣೆ) ಇರುವುದಿಲ್ಲ, ನೆಲ ಒಣಗಿರುತ್ತದೆ. ಆದರೆ ಉಣುಗಿನ (ಉಣ್ಣೆಯ) ಕಾಲವೂ ಅದೇ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರದಲ್ಲಿ ಅದು ಈಚಿನ ವರ್ಷಗಳಲ್ಲೂ ಜೀವ ತೆಗೆದಿದೆ. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಮೈಗೆ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆ ಇಲ್ಲದೆ ಯಾರನ್ನೂ ತಾಕಿನೊಳಗೆ ಬಿಡುವುದಿಲ್ಲ. ದರಕಿನ ಮೇಲೆ ಕೂತು ಬುತ್ತಿ ಬಿಚ್ಚುವ ಹಾಗಿಲ್ಲ. ಸಂಜೆ ಬಟ್ಟೆ ಬಿಸಿನೀರಿಗೆ, ಮೈಗೂ ಬಿಸಿನೀರು. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ಕಡೆಯ ಕೆಲಸ ನಿಲ್ಲಿಸುತ್ತೇವೆ. ಒಂದು ವರ್ಷದ ಅಂಕಿಅಂಶ ತಪ್ಪಿದರೂ ಚಿಂತೆಯಿಲ್ಲ.

ಸತ್ತ ಮರಗಳ ವಿಷಯದಲ್ಲಿ ನನಗೆ ಗುರುವಾದವರು ಜೊತೆಗೆ ಬರುವ ಗೌಡರು. ಬಿಲ್ಲೆಯ ಮರ ಕಾಣದಿದ್ದರೆ ‘ಇಲ್ಲ’ ಎಂದು ಬರೆದು ಮುಂದೆ ಹೋಗುವುದು ಸುಲಭ. ಅವರು ಬಿಡುವುದಿಲ್ಲ. ಒಮ್ಮೆ ಕಿಂದಳದ ಮರವೊಂದು ಪೂರ್ತಿ ಕೊಳೆತು ಲಡ್ಡಾಗಿ, ಅಣಬೆ ಹತ್ತಿ, ಗುರುತೇ ಸಿಗದಂತೆ ಮಲಗಿತ್ತು. ಗಾಳಿಗೆ ಬಿದ್ದದ್ದು ಎಂದು ಬರೆಯಲು ಹೊರಟಿದ್ದವಳನ್ನು ತಡೆದು, ‘ಅಕ್ಕೋರೆ, ಬುಡ ನೋಡಿ. ಗಾಳಿಗೆ ಬಿದ್ದಿದ್ರೆ ಬೇರಿನ ಜೊತೆ ಮಣ್ಣು ಎದ್ದು ಹೊಂಡ ಆಗ್ತಿತ್ತು. ಇದು ನಿಂತಲ್ಲೇ ಸತ್ತು ಆಮೇಲೆ ಮುರಿದದ್ದು’ ಎಂದರು. ತೋರಿಸಿದರು ಕೂಡ: ಬುಡ ನೆಲದಲ್ಲೇ ಗಟ್ಟಿಯಾಗಿ ಕೂತಿತ್ತು, ಒಳಗೆ ಗೆದ್ದಲು ಕೊರೆದ ಪೊಳ್ಳು. ನಿಂತು ಸತ್ತದ್ದು, ಗಾಳಿಗೆ ಬಿದ್ದದ್ದು, ಕಡಿದದ್ದು, ಬೆಂಕಿ ತಗುಲಿದ್ದು ಎಂದು ಸಾವಿಗೆ ಬೇರೆ ಬೇರೆ ಗುರುತು ಹಾಕದೆ ಹೋದರೆ ಕಾಡಿನ ನಿರ್ವಹಣೆಗೆ ಆ ಅಂಕಿಯಿಂದ ಏನೂ ಪ್ರಯೋಜನವಿಲ್ಲ. ಕಡಿಯುವುದನ್ನು ತಡೆಯಬಹುದು, ಮುಪ್ಪಿನ ಸಾವನ್ನು ತಡೆಯಲಾಗುವುದಿಲ್ಲ.

ಊರವರ ಮಾತು ಕೇಳಬೇಕು ಎಂಬುದಕ್ಕೆ ಇದೇ ಜಿಲ್ಲೆಯ ಬಿದಿರಿನ ಕಥೆಗಿಂತ ದೊಡ್ಡ ಸಾಕ್ಷಿ ಬೇಡ. ಕಾಗದದ ಕಾರ್ಖಾನೆಗೆ ಬಿದಿರು ಕಡಿಯುವಾಗ, ಮೆಳೆಯ ಬುಡದ ಮುಳ್ಳಿನ ಹೊದಿಕೆ ತೆಗೆದರೆ ಚೆನ್ನಾಗಿ ಬೆಳೆಯುತ್ತದೆ ಎಂದು ನಂಬಿ ಅದನ್ನು ಸವರಿಸುತ್ತಿದ್ದರು. 1970ರ ದಶಕದಲ್ಲಿ ಪರಿಸರ ವಿಜ್ಞಾನಿಗಳಾದ ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಕಾಡಿನಲ್ಲೇ ನಿಂತು ನೋಡಿದಾಗ ಬೇರೆಯೇ ಕಂಡಿತು. ಮುಳ್ಳು ಹೋದ ಮೆಳೆಯ ಕಳಲೆ (ಎಳೆ ಬಿದಿರು) ದನ, ಮುಳ್ಳುಹಂದಿಗಳ ಪಾಲಾಗುತ್ತಿತ್ತು. ಹಳ್ಳಿಯವರು ಇದನ್ನು ಮೊದಲೇ ಹೇಳಿದ್ದರು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು. ಕಾಡು ಚೆನ್ನಾಗಿದೆಯೇ ಎಂದು ನೋಡಲು ಎಲ್ಲರ ಕಣ್ಣೂ ದೊಡ್ಡ ಮರದತ್ತ ಹೋಗುತ್ತದೆ. ಎಷ್ಟೋ ಸಮೀಕ್ಷೆಗಳು ಮೂವತ್ತು ಸೆಂಟಿಮೀಟರ್ ಸುತ್ತಳತೆಗಿಂತ ಕೆಳಗಿನದ್ದನ್ನು ಎಣಿಸುವುದೇ ಇಲ್ಲ. ನಾನು ಹತ್ತು ಸೆಂಟಿಮೀಟರಿನಿಂದ ಎಣಿಸುತ್ತೇನೆ, ಅದಕ್ಕೂ ಸಣ್ಣ ಸಸಿಗಳಿಗೆ ತಾಕಿನೊಳಗೆ ಮೀಟರ್ ಅಗಲದ ಚಿಕ್ಕ ಚೌಕಗಳನ್ನು ಹಾಕುತ್ತೇನೆ. ಹಲವು ಬೆಟ್ಟಗಳಲ್ಲಿ ದೊಡ್ಡ ಮತ್ತಿ, ನಂದಿ ಸವರಿದ ಮೇಲೂ ಚಿಗುರಿ ಗಟ್ಟಿಯಾಗಿ ನಿಂತಿವೆ, ಆದರೆ ತೋಳಿನ ದಪ್ಪದ ಮರ ಹುಡುಕಿದರೂ ಸಿಗುವುದಿಲ್ಲ. ಬೀಜ ಮೊಳೆಯುತ್ತದೆ, ಮಳೆಗಾಲದಲ್ಲಿ ಎರಡೆಲೆ ಕಾಣುತ್ತದೆ, ದರಕು ಗುಡಿಸುವ ಹೊತ್ತಿಗೆ ಕಿತ್ತು ಬರುತ್ತದೆ. ಉಳಿದದ್ದು ದನದ ಬಾಯಿಗೆ.

ಇಲ್ಲೊಂದು ಎಚ್ಚರಿಕೆಯೂ ಬೇಕು. ಮತ್ತಿ, ನಂದಿ ಬೆಳಕು ಬೇಡುವ ಜಾತಿಗಳು. ಯಾರೂ ಮುಟ್ಟದ ದಟ್ಟ ಕಾಡಿನ ನೆರಳಲ್ಲೂ ಅವುಗಳ ಸಸಿ ಕಡಿಮೆಯೇ. ಅಲ್ಲಿ ಅವುಗಳ ಬುಡದಲ್ಲಿ ಹೈಗ, ಉಪ್ಪಾಗೆ, ರಾಮಪತ್ರೆಯಂಥ ನೆರಳು ತಡೆಯುವ ಸಸಿಗಳು ಎದ್ದಿರುತ್ತವೆ, ಕಾಡು ಜಾತಿ ಬದಲಿಸಿಕೊಳ್ಳುತ್ತಿದೆ ಎಂದರ್ಥ. ಬೆಟ್ಟದಲ್ಲಿ ಬೆಳಕು ಬೇಕಾದಷ್ಟಿದ್ದೂ ಯಾವ ಜಾತಿಯ ಸಸಿಯೂ ಇಲ್ಲದಿದ್ದರೆ ಅದು ಬೇರೆ ಸ್ಥಿತಿ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ವರದಿ ಬರೆಯುವುದು ಅನ್ಯಾಯ.

ಈ ಲೆಕ್ಕವನ್ನು ಬೆಟ್ಟದ ಹೆಗಡೆಯವರೊಬ್ಬರ ಜಗುಲಿಯಲ್ಲಿ ಹರಡಿ ಕೂತಿದ್ದೆ. ‘ಮರಗಳೆಲ್ಲ ಇದ್ದ ಹಾಗೇ ಇವೆಯಲ್ಲ, ಬೆಟ್ಟಕ್ಕೆ ಏನಾಗಿದೆ ಹೇಳಿ’ ಎಂದರು. ದಪ್ಪದ ಪ್ರಕಾರ ಮರಗಳ ಸಂಖ್ಯೆಯನ್ನು ಗೆರೆ ಎಳೆದು ತೋರಿಸಿದೆ. ಸಣ್ಣ ಮರಗಳ ಜಾಗದಲ್ಲಿ ಗೆರೆಯೇ ಇರಲಿಲ್ಲ. ಬಹಳ ಹೊತ್ತು ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಹಾಗಾದ್ರೆ ಈ ವರ್ಷ ಯಾವ ಮೂಲೆ ಬಿಡಬೇಕು?’ ತೆಂಕಲ ಮೂಲೆಯಲ್ಲಿ ಒಂದಿಷ್ಟು ಜಾಗಕ್ಕೆ ಬೇಲಿ ಹಾಕಿ, ದರಕು ಗುಡಿಸುವುದನ್ನು ನಿಲ್ಲಿಸಿದರು. ಅಲ್ಲಿ ಈಗ ಮತ್ತಿಯ ಬುಡಚಿಗುರು, ನೆಲ್ಲಿ, ಹೆಬ್ಬಲಸಿನ ಸಸಿಗಳು ಬೇಸಿಗೆ ದಾಟಿ ಉಳಿದಿವೆ. ಅವು ನನ್ನ ಟೇಪಿನ ಲೆಕ್ಕಕ್ಕೆ ಬರಲು ಇನ್ನೂ ವರ್ಷಗಳು ಬೇಕು, ಆದ್ದರಿಂದ ಗೆದ್ದೆವು ಎಂದು ನಾನು ಎಲ್ಲೂ ಬರೆದಿಲ್ಲ. ಬಿಟ್ಟ ಮೂಲೆಯ ಬದಲಿಗೆ ಉಳಿದ ಕಡೆ ಗುಡಿಸುವುದು ಹೆಚ್ಚಾಯಿತೇ ಎಂಬುದನ್ನೂ ಅಳೆಯುತ್ತಿದ್ದೇನೆ. ಅದನ್ನು ನೋಡದೆ ಈ ಕ್ರಮವನ್ನು ಬೇರೆ ಬೆಟ್ಟದವರಿಗೆ ಹೇಳಲಾರೆ.

ಮುಂದಿನ ಸುತ್ತಿಗೆ ಬರುವವರು ನಾನೇ ಆಗಿರಬೇಕೆಂದಿಲ್ಲ. ಹಾಗಾಗಿ ತಾಕಿನ ನಕ್ಷೆ, ಪ್ರತಿ ಮರದ ನಂಬರು, ಅಳೆದ ಎತ್ತರ, ತಿಂಗಳು ಎಲ್ಲವನ್ನೂ ಪೆನ್ಸಿಲ್ಲಿನಲ್ಲೇ ಬರೆದಿಡುತ್ತೇನೆ, ಶಾಯಿ ಒದ್ದೆಯಾದರೆ ಹರಡುತ್ತದೆ. ಒಂದು ಪ್ರತಿ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ, ಒಂದು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ. ಸಮಿತಿಯ ಪ್ರತಿಯಲ್ಲಿ ಮರಗಳ ಹೆಸರು ಮೊದಲು ಊರಿನ ಮಾತಿನಲ್ಲಿ, ಆಮೇಲೆ ಶಾಸ್ತ್ರೀಯ ಹೆಸರು. ಹೆಸರು ಗೊತ್ತಾಗದ ಒಂದೆರಡು ಮರಗಳ ಎದುರು ಖಾಲಿ ಬಿಟ್ಟಿದ್ದೆ. ಗೌಡರು ಊರಿನ ಹಿರಿಯರನ್ನು ಕೇಳಿಕೊಂಡು ಬಂದು ಅವನ್ನೂ ತುಂಬಿಸಿದರು.