ಯಹೂದಿ ವಿದ್ಯಾರ್ಥಿಗಳ ಬಳಗ ಚೆನ್ನಾಗಿರುವ ಕಾಲೇಜು ಹುಡುಕುವುದು ಹೀಗೆ

ನಾವಿರುವುದು ನ್ಯೂಜೆರ್ಸಿಯಲ್ಲಿ. ನನ್ನ ಗಂಡ ಯಹೂದಿ, ನಾನು ಕನ್ನಡದವಳು. ಮಗಳು ಚಿಕ್ಕಂದಿನಿಂದ ಅಪ್ಪನ ಜೊತೆ ಸಿನಗಾಗ್‌ಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಹೋಗಿ ಬೆಳೆದವಳು. ಕಾಲೇಜಿಗೆ ಹೋದ ಮೇಲೂ ಶಬ್ಬಾತ್ (ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗಿನ ವಿಶ್ರಾಂತಿಯ ದಿನ) ಬಿಡಬಾರದು, ಅದನ್ನು ಜೊತೆಗೆ ಆಚರಿಸುವ ಗೆಳೆಯರು ಬೇಕು ಅನ್ನುವುದು ಅವಳದೇ ಹಟ. ಹಾಗಾಗಿ ಓದು, ಖರ್ಚು, ಊರಿನ ದೂರ ಇವುಗಳ ಜೊತೆ ಇದನ್ನೂ ನಾವು ಕೂತು ಹುಡುಕಿದೆವು. ನಮ್ಮಂಥ ಮನೆಗಳು ಅಮೆರಿಕದಲ್ಲಿ ಈಗ ಅಲ್ಲಲ್ಲಿ ಇವೆ. ಅವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಒಟ್ಟು ಎಷ್ಟು ಜನ ಯಹೂದಿಗಳಿದ್ದಾರೆ ಅನ್ನುವುದನ್ನು ನೋಡಿ ತೀರ್ಮಾನ ಮಾಡಬೇಡಿ. ಹಬ್ಬವಿಲ್ಲದ ಒಂದು ಸಾಧಾರಣ ಶುಕ್ರವಾರ ಸಂಜೆ ಎಷ್ಟು ಜನ ಒಟ್ಟಿಗೆ ಊಟಕ್ಕೆ ಕೂರುತ್ತಾರೆ ಅಂತ ನೋಡಿ. ಯೋಮ್ ಕಿಪ್ಪುರ್ ಅನ್ನುವ ದೊಡ್ಡ ಉಪವಾಸದ ದಿನ ಎಲ್ಲ ಕಡೆಯೂ ಜನ ತುಂಬುತ್ತಾರೆ. ಫೆಬ್ರವರಿಯ ಚಳಿಯಲ್ಲಿ, ಪರೀಕ್ಷೆ ತಲೆಯ ಮೇಲಿರುವಾಗ ಯಾರು ಬರುತ್ತಾರೋ ಅವರೇ ನಿಮ್ಮ ಮಗುವಿಗೆ ಸಿಗುವ ಬಳಗ.

ಮೊದಲು ಮನೆಯಲ್ಲಿ ಮಾತಾಡಿ

ಕಾಲೇಜುಗಳ ಪಟ್ಟಿ ಮಾಡುವ ಮೊದಲು ಮಗ ಅಥವಾ ಮಗಳಿಗೆ ಏನು ಬೇಕು ಅಂತ ಕೇಳಿ. ಮೂರು ಹೊತ್ತೂ ಕೋಷರ್ ಊಟ, ಅಂದರೆ ಯಹೂದಿ ಆಹಾರ ನಿಯಮದ ಊಟ ಬೇಕಾ, ಇಲ್ಲಾ ಹಂದಿಮಾಂಸ, ಸೀಗಡಿ ಬಿಟ್ಟರೆ ಸಾಕಾ? ಶಬ್ಬಾತ್ ದಿನ ಫೋನ್, ಲಿಫ್ಟ್ ಏನೂ ಮುಟ್ಟುವುದಿಲ್ಲವಾ, ಇಲ್ಲಾ ಶುಕ್ರವಾರದ ಊಟ ಸಾಕಾ? ದಿನಾ ಪ್ರಾರ್ಥನೆ ಬೇಕಾ? ಹೀಬ್ರೂ ಕಲಿಯುವ ಆಸೆ ಇದೆಯಾ? ಕಟ್ಟುನಿಟ್ಟಿನ ಆರ್ಥೊಡಾಕ್ಸ್ ಪಂಥದ ಮನೆಯ ಹುಡುಗನಿಗೆ ಬೇಕಾದ ಕಾಲೇಜು ಬೇರೆ, ಉದಾರವಾದ ರಿಫಾರ್ಮ್ ಪಂಥದ ಮನೆಯ ಹುಡುಗಿಗೆ ಬೇಕಾದ್ದು ಬೇರೆ. ಇದು ಗೊತ್ತಾಗದೆ ಹುಡುಕಿದರೆ ಸುಮ್ನೆ ಸುತ್ತಾಟ.

ತಾಯಿ ಯಹೂದಿ ಅಲ್ಲದ ಮನೆಯವರು ಇನ್ನೊಂದು ವಿಷಯ ತಿಳಿದಿರಬೇಕು. ಆರ್ಥೊಡಾಕ್ಸ್ ಮತ್ತು ಇವೆರಡರ ನಡುವಿನ ಕನ್ಸರ್ವೇಟಿವ್ ಪಂಥಗಳ ಪ್ರಕಾರ ಮಗು ಯಹೂದಿ ಆಗುವುದು ತಾಯಿಯ ಕಡೆಯಿಂದ. ತಾಯಿ ಬೇರೆ ಧರ್ಮದವಳಾದರೆ, ಮತಾಂತರದ ವಿಧಿ ಆಗದ ಹೊರತು ಅವರ ಲೆಕ್ಕದಲ್ಲಿ ಮಕ್ಕಳು ಯಹೂದಿಗಳಲ್ಲ. ಅಮೆರಿಕದ ರಿಫಾರ್ಮ್ ರಬ್ಬಿಗಳು (ಧರ್ಮಗುರುಗಳು) 1983ರಲ್ಲಿ ಇದನ್ನು ಬದಲಿಸಿದರು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಯಹೂದಿಯಾಗಿದ್ದು, ಮಗುವನ್ನು ಯಹೂದಿಯಾಗಿಯೇ ಬೆಳೆಸಿದ್ದರೆ ಅವರು ಒಪ್ಪುತ್ತಾರೆ.

ನಮ್ಮ ಮಗಳು ಬೆಳೆದದ್ದು ರಿಫಾರ್ಮ್ ಸಿನಗಾಗ್‌ನಲ್ಲಿ. ಅಲ್ಲಿ ಅವಳನ್ನು ಯಾರೂ ಈ ಬಗ್ಗೆ ಕೇಳಿರಲಿಲ್ಲ. ಆದರೆ ಕಾಲೇಜಿನಲ್ಲಿ ಎಲ್ಲ ಪಂಥದ ಮಕ್ಕಳೂ ಒಂದೇ ಮೇಜಿಗೆ ಬರುತ್ತಾರೆ. ಪಕ್ಕದಲ್ಲಿ ಕೂತವರು "ನಿಮ್ಮಮ್ಮ ಯಹೂದಿನಾ?" ಅಂತ ಸಹಜವಾಗಿಯೇ ಕೇಳಬಹುದು. ಆ ಪ್ರಶ್ನೆಯ ಹಿಂದೆ ಏನಿದೆ ಅಂತ ಮಗುವಿಗೆ ಮನೆಯಲ್ಲೇ ಗೊತ್ತಾಗಿರಬೇಕು. ನಾವಿಬ್ಬರೂ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದೆವು. ಅವಳಿಗೆ ನೋವಾಯಿತು. ಅವಳ ಯಹೂದಿತನಕ್ಕೆ ನಾನೇ ಅಡ್ಡಿಯಾದೆನಾ ಅಂತ ನನಗೂ ಸಂಕಟವಾಯಿತು. ಆಮೇಲೆ ಅವಳೇ ಪಟ್ಟಿಯಲ್ಲಿದ್ದ ಎಲ್ಲ ಕಾಲೇಜುಗಳಿಗೂ ಇಮೇಲ್ ಬರೆದಳು: "ನಮ್ಮಮ್ಮ ಹಿಂದೂ, ಅಪ್ಪ ಯಹೂದಿ. ನನ್ನಂಥವರು ನಿಮ್ಮಲ್ಲಿ ಇದ್ದಾರಾ? ಅವರು ಊಟಕ್ಕೆ ಮಾತ್ರ ಬರುತ್ತಾರಾ, ಇಲ್ಲಾ ಜವಾಬ್ದಾರಿಯನ್ನೂ ತಗೊಳ್ಳುತ್ತಾರಾ?" ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಇನ್ನೂ ಸಿಕ್ಕಿಲ್ಲ. ಕೆಲವರು "ಎಲ್ಲರಿಗೂ ಸ್ವಾಗತ" ಅಂತ ಒಂದೇ ಸಾಲು ಬರೆದರು. ಕೆಲವರು ಅಂಥದೇ ಮನೆಯಿಂದ ಬಂದ ಒಬ್ಬ ವಿದ್ಯಾರ್ಥಿಯ ಜೊತೆ ಫೋನಿನಲ್ಲಿ ಮಾತಾಡಿಸಿದರು. ಎರಡಕ್ಕೂ ಇರುವ ವ್ಯತ್ಯಾಸವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಹಿಲೆಲ್, ಖಬಾದ್

ಹುಡುಕಾಟ ಶುರು ಮಾಡಲು, ಕಾಲೇಜುಗಳಲ್ಲಿ ಯಹೂದಿ ವಿದ್ಯಾರ್ಥಿಗಳಿಗಾಗಿ ಕೆಲಸ ಮಾಡುವ ಹಿಲೆಲ್ ಸಂಸ್ಥೆಯ ಕಾಲೇಜು ಕೈಪಿಡಿ ಒಳ್ಳೆಯ ಜಾಗ. ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಯಾವ ಕಾಲೇಜಿನಲ್ಲಿ ಸುಮಾರು ಎಷ್ಟು ಯಹೂದಿ ವಿದ್ಯಾರ್ಥಿಗಳು, ಕೋಷರ್ ಊಟ ಇದೆಯಾ, ಯಹೂದಿ ಅಧ್ಯಯನ ವಿಭಾಗ ಇದೆಯಾ ಅನ್ನುವುದೆಲ್ಲ ಅದರಲ್ಲಿರುತ್ತದೆ. ಸಂಖ್ಯೆಗಳು ಅಂದಾಜು ಮಾತ್ರ ಅನ್ನುವುದು ನೆನಪಿರಲಿ. ಅದರ ಜೊತೆ ಕಾಲೇಜಿನ ಗಾತ್ರವನ್ನೂ ನೋಡಿ. ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ, ನಮ್ಮ ರಾಜ್ಯದ ರಟ್ಗರ್ಸ್‌ನಲ್ಲಿ, ಮೇರಿಲ್ಯಾಂಡ್‌ನಲ್ಲಿ ಯಹೂದಿ ವಿದ್ಯಾರ್ಥಿಗಳು ಸಾವಿರಗಟ್ಟಲೆ ಇದ್ದಾರೆ. ಆದರೆ ಅಷ್ಟು ದೊಡ್ಡ ಕ್ಯಾಂಪಸ್‌ನಲ್ಲಿ ಅವರನ್ನು ನಾವೇ ಹುಡುಕಿಕೊಂಡು ಹೋಗಬೇಕು. ಪೆನ್ಸಿಲ್ವೇನಿಯಾದ ಅಲೆನ್‌ಟೌನ್‌ನಲ್ಲಿರುವ ಮ್ಯೂಲೆನ್‌ಬರ್ಗ್ ಚಿಕ್ಕ ಕಾಲೇಜು. ಲೂಥರನ್ ಚರ್ಚಿನ ನಂಟಿನ ಕಾಲೇಜು ಅದು. ಆದರೂ ಅಲ್ಲಿ ಹಿಲೆಲ್ ಬಲವಾಗಿದೆ, ಕೋಷರ್ ಅಡುಗೆಮನೆ ಇದೆ. ಹೆಸರು, ಹಿನ್ನೆಲೆ ನೋಡಿ ಯಾವ ಕಾಲೇಜನ್ನೂ ಪಟ್ಟಿಯಿಂದ ತೆಗೆಯಬೇಡಿ.

ಬಾಸ್ಟನ್ ಹತ್ತಿರದ ಬ್ರಾಂಡೈಸ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಹಾರ್ವರ್ಡ್‌ನಂಥ ಕಡೆ ಯಹೂದಿಗಳ ಸಂಖ್ಯೆಗೆ ಮಿತಿ ಹಾಕುತ್ತಿದ್ದ ಕಾಲವೊಂದಿತ್ತು. ಹಾರ್ವರ್ಡ್‌ನ ಅಧ್ಯಕ್ಷ ಲೋವೆಲ್ 1922ರಲ್ಲಿ ಬಹಿರಂಗವಾಗಿಯೇ ಅದನ್ನು ಸೂಚಿಸಿದ್ದರು. ಅಂಥ ಅನುಭವದ ಹಿನ್ನೆಲೆಯಲ್ಲಿ ಯಹೂದಿ ಸಮುದಾಯ 1948ರಲ್ಲಿ ಕಟ್ಟಿದ ವಿಶ್ವವಿದ್ಯಾಲಯ ಬ್ರಾಂಡೈಸ್. ಯಾವ ಧರ್ಮದವರಿಗೂ ಅಲ್ಲಿ ಬಾಗಿಲು ತೆರೆದಿದೆ. ಪೂರ್ತಿ ಆರ್ಥೊಡಾಕ್ಸ್ ವಾತಾವರಣ ಬೇಕು ಅನ್ನುವವರಿಗೆ ನ್ಯೂಯಾರ್ಕ್‌ನ ಯೆಶೀವಾ ವಿಶ್ವವಿದ್ಯಾಲಯ ಇದೆ. ಹೆಣ್ಣುಮಕ್ಕಳಿಗೆ ಅದರದೇ ಸ್ಟರ್ನ್ ಕಾಲೇಜು.

ಹಿಲೆಲ್ ಶುರುವಾಗಿದ್ದು 1923ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಅದು ಎಲ್ಲ ಪಂಥದವರಿಗೂ ಸೇರಿದ ಜಾಗ. ದೊಡ್ಡ ಹಿಲೆಲ್‌ಗಳಲ್ಲಿ ಶುಕ್ರವಾರ ಒಂದೇ ಕಟ್ಟಡದ ಬೇರೆ ಬೇರೆ ಕೋಣೆಗಳಲ್ಲಿ ರಿಫಾರ್ಮ್, ಕನ್ಸರ್ವೇಟಿವ್, ಆರ್ಥೊಡಾಕ್ಸ್ ಪ್ರಾರ್ಥನೆ ನಡೆಯುತ್ತದೆ. ಆಮೇಲೆ ಎಲ್ಲರೂ ಸೇರಿ ಊಟ. ಈ ಏರ್ಪಾಡು ನನಗೆ ತುಂಬಾ ಇಷ್ಟ. ಖಬಾದ್ ಬೇರೆ ರೀತಿ. ಲುಬಾವಿಚ್ ಅನ್ನುವ ಆರ್ಥೊಡಾಕ್ಸ್ ಗುಂಪಿನ ರಬ್ಬಿ ಮತ್ತು ಅವರ ಹೆಂಡತಿ ಕ್ಯಾಂಪಸ್ ಪಕ್ಕದಲ್ಲಿ ಮನೆ ಮಾಡಿ, ತಮ್ಮ ಮಕ್ಕಳ ಜೊತೆಯಲ್ಲೇ ವಿದ್ಯಾರ್ಥಿಗಳಿಗೂ ಬಡಿಸುತ್ತಾರೆ. 1969ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಹತ್ತಿರ ಇದು ಮೊದಲಾಯಿತು. ಮನೆ ಬಿಟ್ಟು ಬಂದ ಮಕ್ಕಳಿಗೆ ಒಂದು ಮನೆಯ ಊಟದ ಮೇಜು ಎಷ್ಟು ದೊಡ್ಡ ಆಸರೆ ಅಂತ ತಾಯಂದಿರಿಗೆ ಗೊತ್ತು. ಖಬಾದ್‌ನಲ್ಲಿ ಊಟಕ್ಕೆ ಯಾರು ಬಂದರೂ ಪ್ರೀತಿಯಿಂದ ಕೂರಿಸುತ್ತಾರೆ, ಆದರೆ ಧಾರ್ಮಿಕ ವಿಧಿಗಳಲ್ಲಿ ತಾಯಿಯ ಕಡೆಯ ಲೆಕ್ಕವನ್ನೇ ಪಾಲಿಸುತ್ತಾರೆ. ಒಂದೇ ಕ್ಯಾಂಪಸ್‌ನಲ್ಲಿ ಎರಡೂ ಇದ್ದು, ಮಕ್ಕಳು ಎರಡೂ ಕಡೆ ಹೋಗಿ ಬಂದು ಮಾಡುತ್ತಿದ್ದರೆ ಅದು ಒಳ್ಳೆಯ ಗುರುತು.

ಆರ್ಥೊಡಾಕ್ಸ್ ಮಕ್ಕಳಿರುವವರು ಅಂಥ ವಿದ್ಯಾರ್ಥಿಗಳಿಗಾಗಿಯೇ ಇರುವ ಒಯು-ಜೆಎಲ್‌ಐಸಿ ಕಾರ್ಯಕ್ರಮ ಇದೆಯಾ ಅಂತಲೂ ನೋಡಿ. ಧರ್ಮದ ಪಾಠ ಹೇಳುವ ದಂಪತಿಯನ್ನು ಅವರು ಕ್ಯಾಂಪಸ್‌ಗೇ ಕಳಿಸುತ್ತಾರೆ. ಎಇಪೈನಂಥ ಯಹೂದಿ ಫ್ರಟರ್ನಿಟಿಗಳೂ, ಅಂದರೆ ಹುಡುಗರ ಸಂಘಗಳೂ ಇವೆ.

ಹೋಗಿ ನೋಡುವಾಗ

ಬೇಸಿಗೆ ರಜೆಯಲ್ಲಿ ಹೋದರೆ ಕಟ್ಟಡ ಮಾತ್ರ ಕಾಣುತ್ತದೆ. ತರಗತಿ ನಡೆಯುತ್ತಿರುವಾಗ, ಗುರುವಾರ ಹೊರಟು ಶನಿವಾರ ರಾತ್ರಿವರೆಗೆ ಇರುವ ಹಾಗೆ ಹೋಗಿ. ಮೊದಲೇ ಬರೆದರೆ ಎಷ್ಟೋ ಹಿಲೆಲ್‌ಗಳು ಶಬ್ಬಾತ್‌ಗೆ ವಿದ್ಯಾರ್ಥಿಗಳ ಕೋಣೆಯಲ್ಲೇ ಉಳಿಯಲು ಏರ್ಪಾಡು ಮಾಡುತ್ತವೆ. ಮಗುವನ್ನು ಒಬ್ಬರೇ ಕಳಿಸಿ. ನೀವು ಪಕ್ಕದಲ್ಲಿದ್ದರೆ ವಿದ್ಯಾರ್ಥಿಗಳು ನಿಮ್ಮ ಜೊತೆ ಮರ್ಯಾದೆಯಿಂದ ಮಾತಾಡಿ ಸುಮ್ಮನಾಗುತ್ತಾರೆ. ನಿಜವಾದ ವಿಷಯ ಅವರವರಲ್ಲೇ ಹೊರಗೆ ಬರುತ್ತದೆ.

ಅಲ್ಲಿ ಕೇಳಬೇಕಾದ್ದು: ಹೋದ ಶುಕ್ರವಾರ ಎಷ್ಟು ಜನ ಬಂದಿದ್ದರು? ಪ್ರಾರ್ಥನೆ ನಡೆಸಿದ್ದು ಯಾರು, ಸಿಬ್ಬಂದಿಯಾ ವಿದ್ಯಾರ್ಥಿಗಳಾ? ಹಾಡು ಹೇಳುವುದು, ಅಡುಗೆ, ಹೊಸಬರನ್ನು ಮಾತಾಡಿಸುವುದು ಇದೆಲ್ಲ ಮಕ್ಕಳೇ ಮಾಡುತ್ತಿದ್ದರೆ ಆ ಬಳಗಕ್ಕೆ ಜೀವ ಇದೆ. ಮೊದಲ ವರ್ಷದವರು ಎಷ್ಟು, ಕೊನೆ ವರ್ಷದವರು ಎಷ್ಟು ಅಂತಲೂ ಕೇಳಿ. ಮೊದಲ ವರ್ಷದವರೇ ತುಂಬಿದ್ದು ದೊಡ್ಡವರು ಕಾಣದಿದ್ದರೆ, ಯಾಕೆ ಬಿಟ್ಟುಹೋದರು ಅಂತ ಯೋಚಿಸಿ. ಸಂಪ್ರದಾಯಸ್ಥರು ದಿನಾ ಮಿನ್ಯಾನ್ ಸೇರುತ್ತದಾ ಅಂತ ಕೇಳಬೇಕು, ಅಂದರೆ ಪ್ರಾರ್ಥನೆಗೆ ಬೇಕಾದ ಹತ್ತು ಜನ ಬರುತ್ತಾರಾ ಅಂತ. ಆರ್ಥೊಡಾಕ್ಸ್‌ನಲ್ಲಿ ಗಂಡಸರನ್ನು ಮಾತ್ರ ಎಣಿಸುತ್ತಾರೆ. ಹೆಂಗಸರನ್ನೂ ಎಣಿಸುವ ಮಿನ್ಯಾನ್ ಬೇಕಿದ್ದರೆ ಅದನ್ನು ಬಿಡಿಸಿ ಕೇಳಿ.

ಊಟದ ವಿಷಯದಲ್ಲಿ "ಕೋಷರ್ ಇದೆ" ಅನ್ನುವ ಮಾತಿಗೆ ತೃಪ್ತಿಪಡಬೇಡಿ. ಕೆಲವು ಕಡೆ ಅದು ಫ್ರಿಜ್‌ನಲ್ಲಿಟ್ಟ ಪೊಟ್ಟಣ. ಕೆಲವು ಕಡೆ ಬಿಸಿ ಅಡುಗೆ, ಮಾಂಸಕ್ಕೆ, ಹಾಲಿನ ಪದಾರ್ಥಕ್ಕೆ ಬೇರೆ ಬೇರೆ ಪಾತ್ರೆ, ಮೇಲ್ವಿಚಾರಣೆಗೆ ಒಬ್ಬರು. ಶನಿವಾರ ಮಧ್ಯಾಹ್ನ ಸಿಗುತ್ತದಾ, ಮೀಲ್ ಪ್ಲಾನ್‌ನಲ್ಲಿ ಸೇರಿದೆಯಾ, ಪಾಸೋವರ್ ಹಬ್ಬದ ಎಂಟೂ ದಿನ ಏನು ಮಾಡುತ್ತಾರೆ ಅಂತ ಕೇಳಿ. ಆ ಹಬ್ಬದಲ್ಲಿ ಬ್ರೆಡ್, ಪಾಸ್ಟಾ ಯಾವುದೂ ಇಲ್ಲ, ಆದರೆ ಹೆಚ್ಚಿನ ಕಡೆ ಆಗ ತರಗತಿಗಳು ನಡೆಯುತ್ತಲೇ ಇರುತ್ತವೆ.

ಶಬ್ಬಾತ್ ಪೂರ್ತಿ ಪಾಲಿಸುವವರಿಗೆ ಹಾಸ್ಟೆಲ್ ಬಾಗಿಲೂ ಸಮಸ್ಯೆ. ಕಾರ್ಡ್ ತೋರಿಸಿದರೆ ತೆರೆಯುವ ಬಾಗಿಲು ವಿದ್ಯುತ್ತಿನದು, ಅದನ್ನು ಅವರು ಬಳಸುವುದಿಲ್ಲ. ಮಾಮೂಲಿ ಬೀಗದ ಕೈ ಕೊಡುತ್ತಾರಾ, ಕೆಳಗಿನ ಮಹಡಿಯಲ್ಲಿ ಕೋಣೆ ಸಿಗುತ್ತದಾ ಅಂತ ಕೇಳಿ. ಸುತ್ತ ಎರೂವ್, ಅಂದರೆ ತಂತಿ, ಕಂಬಗಳಿಂದ ಗುರುತು ಮಾಡಿದ ಗಡಿ ಇದೆಯಾ ಅಂತಲೂ ತಿಳಿದುಕೊಳ್ಳಿ. ಶಬ್ಬಾತ್ ದಿನ ಮನೆಯ ಹೊರಗೆ ಆ ಗಡಿಯೊಳಗೆ ಮಾತ್ರ ಸಾಮಾನು ಹಿಡಿದು ಓಡಾಡಬಹುದು.

ಸುರಕ್ಷತೆ

2023ರ ಅಕ್ಟೋಬರ್‌ನಲ್ಲಿ ಹಮಾಸ್ ಇಸ್ರೇಲ್ ಮೇಲೆ ದಾಳಿ ಮಾಡಿ ಗಾಜಾ ಯುದ್ಧ ಶುರುವಾದ ನಂತರ, ಸುರಕ್ಷತೆಯ ಬಗ್ಗೆ ಕೇಳದೆ ಯಾವ ಯಹೂದಿ ಮನೆಯೂ ಮುಂದಕ್ಕೆ ಹೋಗುವುದಿಲ್ಲ. ನನಗೂ ಭಯ ಇತ್ತು. ಯಹೂದಿ ದ್ವೇಷದ ವಿರುದ್ಧ ಕೆಲಸ ಮಾಡುವ ಎಡಿಎಲ್ ಸಂಸ್ಥೆ, ಅಂಥ ದ್ವೇಷವನ್ನು ಹೇಗೆ ಎದುರಿಸುತ್ತವೆ ಅಂತ ನೋಡಿ 2024ರಿಂದ ಕಾಲೇಜುಗಳಿಗೆ ಅಂಕಪಟ್ಟಿ ಕೊಡುತ್ತಿದೆ. ಓದಿ, ಆದರೆ ಅಲ್ಲಿನ ಮೂರನೇ ವರ್ಷದ ವಿದ್ಯಾರ್ಥಿಯ ಮಾತನ್ನು ಅದಕ್ಕಿಂತ ಹೆಚ್ಚು ನಂಬಿ. ದಾವೀದನ ನಕ್ಷತ್ರದ ಸರ ಹೊರಗೆ ಕಾಣುವ ಹಾಗೆ ಹಾಕಿಕೊಂಡು ಓಡಾಡುತ್ತೀರಾ? ತೊಂದರೆ ಆದಾಗ ದೂರು ಕೊಟ್ಟವರಿಗೆ ಉತ್ತರ ಬಂತಾ? ಈ ಎರಡು ಪ್ರಶ್ನೆ ಕೇಳಿದರೆ ಬಹಳಷ್ಟು ತಿಳಿಯುತ್ತದೆ. ಇಸ್ರೇಲ್ ಬಗ್ಗೆ ಯಹೂದಿ ಮಕ್ಕಳಲ್ಲೇ ಬೇರೆ ಬೇರೆ ಅಭಿಪ್ರಾಯ ಇರುತ್ತದೆ. ಅವರು ಜಗಳವಾಡಿಯೂ ಒಂದೇ ಮೇಜಿನಲ್ಲಿ ಊಟ ಮಾಡುತ್ತಾರಾ ಅಂತ ಮಗು ಅಲ್ಲಿ ಇದ್ದು ನೋಡಬೇಕು. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಅಧ್ಯಾಯ ಯಹೂದಿ ವಿದ್ಯಾರ್ಥಿಗಳಿಗೂ ರಕ್ಷಣೆ ಕೊಡುತ್ತದೆ. ಶಿಕ್ಷಣ ಇಲಾಖೆಗೆ ದೂರು ಕೊಡುವುದಾದರೆ ಘಟನೆ ಆಗಿ 180 ದಿನದೊಳಗೆ ಕೊಡಬೇಕು.

ಸೀಟು ಒಪ್ಪಿಕೊಂಡ ಮೇಲೆ

ಹೆಚ್ಚಿನ ಕಾಲೇಜುಗಳಿಗೆ ಮೇ 1ರೊಳಗೆ ಒಪ್ಪಿಗೆ ತಿಳಿಸಬೇಕು. ಅದಾದ ತಕ್ಷಣ ಹಾಸ್ಟೆಲ್ ಅರ್ಜಿಯಲ್ಲಿ ಬೀಗದ ಕೈ, ಮಹಡಿ, ಕೋಷರ್ ಮೀಲ್ ಪ್ಲಾನ್ ಎಲ್ಲ ಬರೆದುಬಿಡಿ. ಆಮೇಲೆ ಕೇಳಿದರೆ ಸಿಗುವುದು ಕಷ್ಟ. ತರಗತಿ ಆರಿಸುವಾಗ ಶುಕ್ರವಾರ ಮಧ್ಯಾಹ್ನದ ಲ್ಯಾಬ್ ಬೇಡ. ಡಿಸೆಂಬರ್‌ನಲ್ಲಿ ಬಾಸ್ಟನ್ ಕಡೆ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಶಬ್ಬಾತ್‌ನ ಮೇಣದಬತ್ತಿ ಹಚ್ಚುವುದು ಅದಕ್ಕೂ ಹದಿನೆಂಟು ನಿಮಿಷ ಮೊದಲು.

ರೋಶ್ ಹಶಾನಾ, ಯೋಮ್ ಕಿಪ್ಪುರ್, ಸುಕೋತ್ ಹಬ್ಬಗಳು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಾಲಾಗಿ ಬರುತ್ತವೆ, ತರಗತಿ ಶುರುವಾದ ಸ್ವಲ್ಪ ದಿನಕ್ಕೇ. ನ್ಯೂಯಾರ್ಕ್ ರಾಜ್ಯದಲ್ಲಿ ಶಿಕ್ಷಣ ಕಾಯ್ದೆಯ 224-ಎ ವಿಧಿಯ ಪ್ರಕಾರ, ಧಾರ್ಮಿಕ ಕಾರಣಕ್ಕೆ ತಪ್ಪಿದ ಪರೀಕ್ಷೆಯನ್ನು ಬೇರೆ ದಿನ ಬರೆಯಲು ಕಾಲೇಜು ಅವಕಾಶ ಕೊಡಬೇಕು, ಅದಕ್ಕೆ ಶುಲ್ಕ ಕೇಳುವ ಹಾಗಿಲ್ಲ. ಬೇರೆ ರಾಜ್ಯದಲ್ಲಾದರೆ ಆ ಕಾಲೇಜಿನ ನಿಯಮ ಓದಿಕೊಳ್ಳಿ. ಮೊದಲ ವಾರವೇ ಎಲ್ಲ ಪ್ರೊಫೆಸರ್‌ಗಳಿಗೂ ಹಬ್ಬದ ತಾರೀಖುಗಳನ್ನು ಇಮೇಲ್ ಮಾಡಲು ಮಗುವಿಗೆ ಹೇಳಿ. ಹಬ್ಬ ಶುರುವಾಗುವುದು ಹಿಂದಿನ ದಿನ ಸೂರ್ಯ ಮುಳುಗುವಾಗ, ಹಾಗಾಗಿ ಆ ಸಂಜೆಯ ತರಗತಿಯನ್ನೂ ಪಟ್ಟಿಯಲ್ಲಿ ಸೇರಿಸಲಿ.