ಶೀಟಿನ ಹುಳು ಮನೆಯಲ್ಲಿ ಏಪ್ರಿಲ್ ಬೆಳೆ

ಶಿಡ್ಲಘಟ್ಟದ ಕಡೆ ನಮ್ಮ ಊರಲ್ಲಿ ಎಲ್ಲರದ್ದೂ ಒಂದೇ ಮಾತು. ರೇಷ್ಮೆ ಹುಳು ಸಾಕಲು ಶೀಟಿನ ಮಾಡಿನ ಮನೆ ಕಟ್ಟಿದವನು ಏಪ್ರಿಲ್ ಬೆಳೆಯ ಆಸೆ ಬಿಡಬೇಕು ಅಂತ. ಈ ಸಲ 200 ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಇಡೀ ಗುಂಪಿಗೆ ನಾವು ಒಂದು ಮೊಟ್ಟೆ ಅನ್ನುತ್ತೇವೆ) ಹತ್ತಿರ ಹತ್ತಿರ 150 ಕೆಜಿ ಗೂಡು ಮಾರುಕಟ್ಟೆಗೆ ಹಾಕಿ ಬಂದೆ. ಹಿಂದಿನ ಎರಡು ಬೇಸಿಗೆ 70 ಕೂಡ ದಾಟಿರಲಿಲ್ಲ. ಮಧ್ಯಾಹ್ನ ಒಳಗೆ 38 ಡಿಗ್ರಿ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳು ಸಪ್ಪೆ ರೋಗಕ್ಕೆ ಹೋಗುತ್ತಿತ್ತು. ಅದನ್ನು ಬುಟ್ಟಿಗಟ್ಟಲೆ ಗುಂಡಿಗೆ ಸುರಿಯುವಾಗ ಹೊಟ್ಟೆ ಉರಿಯುತ್ತಿತ್ತು.

ಮೊದಲು ಒಂದಿಂಚಿನ ಥರ್ಮಾಕೋಲ್ ತಂದು ಶೀಟಿಗೆ ಅಂಟಿಸಿದೆ. 14 ಸಾವಿರ ಆಯಿತು, ಇಳಿದದ್ದು ಎರಡು ಡಿಗ್ರಿ. ದಪ್ಪ ಸಾಲದು ಎಂದುಕೊಂಡು ಇನ್ನೊಂದಿಂಚು ಹಾಕಿಸಿದೆ. ಮತ್ತೆ 12 ಸಾವಿರ, ಇಳಿದದ್ದು ಅರ್ಧ ಡಿಗ್ರಿ. ಒಂದು ಮಧ್ಯಾಹ್ನ ಏಣಿ ಹತ್ತಿ ಸಂದುಗಳ ಹತ್ತಿರ ಕೈ ಇಟ್ಟು ನೋಡಿದೆ. ಒಲೆ ಬಾಯಿಯ ಹಾಗೆ ಬಿಸಿ ಗಾಳಿ! ಶೀಟು ಹೊತ್ತ ಕಬ್ಬಿಣದ ಪೈಪಿಗಂತೂ ಮರೆಯೇ ಇಲ್ಲ, ಶೀಟಿನ ಕಾವನ್ನು ನೇರ ಒಳಗೆ ಇಳಿಸುತ್ತಿತ್ತು. ಸಂದು ಬಿಟ್ಟು ಎಷ್ಟು ದಪ್ಪ ಹಾಕಿದರೂ ದುಡ್ಡು ದಂಡ.

ನಡುವೆ ಶೀಟಿನ ಮೇಲೆ ರಾಗಿ ಹುಲ್ಲು ಹರಡಿ ನೋಡಿದ್ದೆ. ಒಣಗಿದ್ದಾಗ ಚೆನ್ನಾಗಿತ್ತು, ನಾಲ್ಕು ಡಿಗ್ರಿ ಕಮ್ಮಿ. ಮೊದಲ ಮಳೆಗೆ ನೆನೆದು ಅಮರಿಕೊಂಡಿತು, ಆಮೇಲೆ ಪ್ರಯೋಜನ ಇಲ್ಲ. ಇಲಿ ಬೇರೆ.

ಕೊನೆಗೆ ಎಲ್ಲಾ ಕಿತ್ತು ಹೊಸದಾಗಿ ಮಾಡಿದೆ. ಪೈಪಿಗೆ ಮರದ ರೀಪರ್ ಪಟ್ಟಿ ಹೊಡೆದು, ಅದಕ್ಕೆ ಥರ್ಮಾಕೋಲ್ ಎರಡು ಪದರ. ಕೆಳಗಿನ ಥರ್ಮಾಕೋಲ್ ಹಲಗೆಯ ಸಂದು ಮೇಲಿನ ಹಲಗೆಯ ನಡುವಿಗೆ ಬರಬೇಕು. ಸಂದಿಗೆಲ್ಲ ಟೇಪು. ಬೆಳ್ಳಿ ಬಣ್ಣದ ಫಾಯಿಲ್ ಅನ್ನು ಶೀಟಿಗೆ ಅಂಟಿಸಿದರೆ ಸುಮ್ನೆ ದಂಡ, ಹೊಳೆಯುವ ಮುಖದ ಎದುರು ಎರಡಿಂಚು ಗಾಳಿ ಇರಲೇಬೇಕು. ಆ ಮುಖ ಕೆಳಕ್ಕಿರಲಿ, ಮೇಲಕ್ಕಿದ್ದರೆ ಧೂಳು ಕೂತು ಕೆಲಸ ಕೆಡುತ್ತದೆ. ಗೋಡೆಯ ತಲೆಗೂ ಶೀಟಿನ ಅಲೆಗೂ ನಡುವಿನ ತೂತುಗಳನ್ನು ಹೇಗೆ ಮುಚ್ಚಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ. ಅರ್ಧ ಹಳೇ ಸಾಮಾನೇ ಉಪಯೋಗಕ್ಕೆ ಬಂತು, ಹೊಸ ಖರ್ಚು 22 ಸಾವಿರದ ಆಸುಪಾಸು.

ಏಪ್ರಿಲ್‌ನಲ್ಲಿ ಹೊರಗೆ 36 ಇದ್ದಾಗ ಒಳಗೆ 29, 30. ಕಿಟಕಿಗೆ ಒದ್ದೆ ಗೋಣಿ ತಾಟು ಇತ್ತು. ರಾತ್ರಿ ಕಿಟಕಿ ಪೂರ್ತಿ ತೆರೆಯುತ್ತಿದ್ದೆ, ಇಲ್ಲದಿದ್ದರೆ ಹಗಲಿನ ಕಾವು ಒಳಗೇ ಉಳಿಯುತ್ತದೆ. ಚಳಿಗಾಲದಲ್ಲಿ ಇದ್ದಿಲ ಒಲೆ ಇಡುವವರು ಹುಷಾರು, ಥರ್ಮಾಕೋಲ್ ಬೇಗ ಹತ್ತಿಕೊಳ್ಳುತ್ತದೆ.

ಹೋದ ವಾರ ಅರ್ಧ ಶೀಟಿಗೆ ಮೇಲಿನಿಂದ ಸುಣ್ಣ ಹೊಡೆದಿದ್ದೇನೆ. ಮಧ್ಯಾಹ್ನ ಎರಡು ಗಂಟೆಗೆ ಆ ಅರ್ಧದ ಮೇಲೆ ಕೈ ಇಡಬಹುದು. ಇನ್ನರ್ಧದ ಮೇಲೆ ಆಗುವುದಿಲ್ಲ.